ಗಂಟಲಲ್ಲೇ ಉಳಿದ ಪ್ರಶ್ನೆ

2023ರ ಅಕ್ಟೋಬರ್. ಕೇಂದ್ರದ ಬರ ಅಧ್ಯಯನ ತಂಡ ನಮ್ಮ ಕಡೆ ಬಂದಿತ್ತು. ಒಣಗಿದ ಮೆಕ್ಕೆಜೋಳದ ಹೊಲದಲ್ಲಿ ಅಧಿಕಾರಿಗಳು ನಿಂತಿದ್ದರು. ಪಕ್ಕದಲ್ಲೇ ನಾವು ಮೂವರು ಸ್ಟ್ರಿಂಗರ್‌ಗಳು. ಹೊಲದ ಅಜ್ಜಿ ನಮ್ಮ ಹತ್ತಿರ ಬಂದು, "ಪರಿಹಾರದ ರೊಕ್ಕ ಯಾವಾಗ ಬರ್ತೈತಿ ಕೇಳ್ರಪಾ, ನಿಮಗ ಇಂಗ್ಲಿಷ್ ಬರ್ತೈತಲ್ಲ" ಅಂದರು. ನಾವು ಮನಸ್ಸಿನಲ್ಲಿ ವಾಕ್ಯ ಜೋಡಿಸುವಷ್ಟರಲ್ಲಿ ಕಾರುಗಳು ಹೊರಟೇಬಿಟ್ಟವು.

ನಾಚಿಕೆಯ ಮಾತೆಂದರೆ, ಅಷ್ಟರಲ್ಲಾಗಲೇ ನಾವು ಮೂರು ತಿಂಗಳ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಮುಗಿಸಿದ್ದೆವು. ಸರ್ ಹೇಳಿದ್ದನ್ನು ಒಟ್ಟಾಗಿ ಹೇಳುತ್ತಿದ್ದೆವು, ತಪ್ಪಿದರೆ ಅವರೇ ತಿದ್ದುತ್ತಿದ್ದರು. ನೋಟ್‌ಬುಕ್ ತುಂಬಿತ್ತು. ಆದರೆ ಕ್ಲಾಸ್ ಮುಗಿದ ದಿನವೇ ನಮ್ಮ ಇಂಗ್ಲಿಷೂ ಮುಗಿದಿತ್ತು.

ಆಮೇಲೆ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರ ಹತ್ತಿರ ಹೋದೆವು. ಅವರು ಮೊದಲ ದಿನ ಪಾಠವನ್ನೇ ಮಾಡಲಿಲ್ಲ. "ಈ ವಾರ ನಿಮಗ ಯಾವ ಐದು ಮಾತು ಬೇಕು, ನೀವೇ ಬರ್ಕೊಂಡು ಬರ್ರಿ" ಅಂದರು. ನಮ್ಮ ಪಟ್ಟಿಯಲ್ಲಿ ಮೊದಲು ಬಂದದ್ದು ಅಜ್ಜಿಯ ಪ್ರಶ್ನೆ. "ವೆನ್ ಮನಿ ವಿಲ್ ಕಮ್?" ಎಂದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದೆವು. ಮೇಷ್ಟ್ರು ತಿದ್ದಲಿಲ್ಲ. "ಇಂಗ್ಲಿಷ್ ಪೇಪರಿನ ಸಂದರ್ಶನದೊಳಗ ಇಂಥ ನಾಲ್ಕು ಪ್ರಶ್ನೆ ಹುಡುಕ್ರಿ, ನಿಮ್ದರ ಪಕ್ಕಕ್ಕ ಇಟ್ಟು ನೋಡ್ರಿ" ಅಂದರು ಅಷ್ಟೆ.

ಸಿಟ್ಟೇ ಬಂತು. ದುಡ್ಡು ಕೊಟ್ಟವರು ನಾವು, ಹುಡುಕಬೇಕಾದವರೂ ನಾವೇ? ಆದರೂ ಹುಡುಕಿದೆವು. ನಾಲ್ಕರಲ್ಲೂ 'ವಿಲ್' ಮುಂದೆ ಬಂದಿತ್ತು, ಹೆಸರು ಅದರ ಹಿಂದೆ. "ವೆನ್ ವಿಲ್ ದ ಮನಿ ಕಮ್?" ನಾವೇ ಕಂಡುಕೊಂಡ ಆ ನಿಯಮ ಇವತ್ತಿಗೂ ಮರೆತಿಲ್ಲ.

ಮುಂದೆ ಒಬ್ಬರ ರೆಕಾರ್ಡಿಂಗ್ ಇನ್ನೊಬ್ಬರು ಕೇಳಿ ತಪ್ಪು ಗುರುತಿಸುವುದು, ಉಚ್ಚಾರ ಗೊತ್ತಾಗದಿದ್ದರೆ ಮೊಬೈಲ್ ಡಿಕ್ಷನರಿಯ ಸ್ಪೀಕರ್ ಗುರುತು ಒತ್ತಿ ಕೇಳುವುದು, ಶನಿವಾರ ವಾರದ ಲೆಕ್ಕ ನೋಡುವುದು ರೂಢಿಯಾಯಿತು. ಕೊನೆಯ ತಿಂಗಳು ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿರುತ್ತಿದ್ದರು.

ಈಗ ಕ್ಲಾಸ್ ಇಲ್ಲ. ಶನಿವಾರ ಚಹಾದಂಗಡಿಯಲ್ಲಿ ನಾವು ಮೂವರೂ ಇಪ್ಪತ್ತು ನಿಮಿಷ ಕೂರುತ್ತೇವೆ. ಕಳೆದ ವರ್ಷ ದೆಹಲಿಯಿಂದ ಬಂದ ಅಧಿಕಾರಿಯೊಬ್ಬರಿಗೆ ಅದೇ ಪ್ರಶ್ನೆ ಕೇಳಿದೆವು. ಅವರು ತಾರೀಖು ಹೇಳಲಿಲ್ಲ, ನುಣುಚಿಕೊಂಡರು. ಆದರೆ ನುಣುಚಿಕೊಂಡದ್ದು ಮರುದಿನ ಸುದ್ದಿಯಾಯಿತು.

ನೀವೂ ಮಕ್ಕಳನ್ನು ಇಂಥ ಕ್ಲಾಸಿಗೆ ಸೇರಿಸುವವರಿದ್ದರೆ ಫೀ ಎಷ್ಟು ಎನ್ನುವುದರ ಜೊತೆಗೆ ಇನ್ನೊಂದು ಮಾತು ಕೇಳಿ: "ಕ್ಲಾಸ್ ಮುಗಿದ ಮೇಲೆ ತಾವೇ ಕಲಿಯುವುದು ಹೇಗೆಂದು ಹೇಳಿಕೊಡ್ತೀರಾ?"