ಕಣದ ಶೆಡ್ಡಲ್ಲಿ ಎಂಜಿನ್ ಬದಲಾದ ಕಥೆ

ಈ ವಾರ ಮೆಣಸಿನ ಬಳ್ಳಿ ಕಟ್ಟೋ ವಿಷಯ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ನಮ್ಮ ಕಣದ ಶೆಡ್ಡಿಂದ ಬರೋ ಸದ್ದು ಏನು ಅಂತ ದಾರೀಲಿ ಸಿಕ್ಕಿದವರೆಲ್ಲ ಕೇಳ್ತಿದ್ದೀರಿ. ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಇಲ್ಲೇ ಬರೆದುಬಿಡ್ತೀನಿ.

ಮಗ ಹಳೇ ಮಾರುತಿ ಎಸ್ಟೀಮ್ ತಂದಿದ್ದು ನಿಮಗೆ ಗೊತ್ತು. ಚಿಕ್ಕಮಗಳೂರು ಕಡೆ ರ‍್ಯಾಲಿ ನೋಡಿದವರಿಗೆ ಎಸ್ಟೀಮ್ ಹೊಸದಲ್ಲ. ಹಗುರ ಗಾಡಿ, 1298 ಸಿಸಿ ಎಂಜಿನ್. ಅದನ್ನ ಇಳಿಸಿ ಬೆಲೆನೊದ 1590 ಸಿಸಿ ಎಂಜಿನ್ ಕೂರಿಸ್ತೀನಿ ಅಂತ ಹೊರಟ. ಈಗ ಓಡಾಡೋ ಬೆಲೆನೊ ಅಲ್ಲ, 1999ರಲ್ಲಿ ಬಂದಿತ್ತಲ್ಲ, ಹಿಂದೆ ಡಿಕ್ಕಿ ಇರೋ ಕಾರು, ಅದರದ್ದು. ಎರಡೂ ಸುಜುಕಿಯ ಒಂದೇ ವಂಶದ ಎಂಜಿನ್. ಹಂಗಾಗಿ ಹೆಚ್ಚು ಕತ್ತರಿಸಿ ವೆಲ್ಡ್ ಮಾಡೋದಿಲ್ಲ ಅನ್ನೋದು ಅವನ ಲೆಕ್ಕ.

ದುಡ್ಡು ನನ್ನದೇ. ಬೋರ್‌ವೆಲ್ ಪೈಪ್ ಬದಲಾಯಿಸೋಕೆ ಅಂತ ಮೆಣಸು ಮಾರಿ ಇಟ್ಟಿದ್ದ ₹45,000. ಅವನ ತಾಯಿ ಕೊಟ್ಟಳು, ನನಗೆ ಆಮೇಲೆ ಗೊತ್ತಾಯ್ತು. ಬೆಂಗಳೂರು ಶಿವಾಜಿನಗರದ ಗುಜರಿಯಿಂದ ಎಂಜಿನ್ ಬಂದ ದಿನ ನಾನು ಆಡಬಾರದ ಮಾತು ಆಡಿದೆ. ಅದನ್ನ ಇಲ್ಲಿ ಬರೆಯಲ್ಲ. ಎರಡು ತಿಂಗಳು ಶೆಡ್ಡಿನ ಕಡೆ ತಲೆ ಹಾಕಲಿಲ್ಲ.

ನನಗೇನು ಅಧಿಕಾರ ಇತ್ತು ಅಂತ ಈಗ ಅನ್ನಿಸುತ್ತೆ. 1980ರ ದಶಕದಲ್ಲಿ ನಮ್ಮ ಕಡೆ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಹಾಕಿಸದ ತೋಟದವರು ಎಷ್ಟು ಜನ ಇದ್ರು? ನಮ್ಮಪ್ಪನೂ ಹಾಕಿಸಿದ್ರು, ಮೆಟಡೋರ್ ಎಂಜಿನ್. ಪೆಟ್ರೋಲ್ ಖರ್ಚು ಉಳೀತು ಅಂತ ಊರೆಲ್ಲ ಹೇಳ್ಕೊಂಡು ಬಂದ್ರು. ಭಾರಕ್ಕೆ, ನಡುಗೋದಕ್ಕೆ ಎಂಜಿನ್ ಬ್ರಾಕೆಟ್ಟಿನ ವೆಲ್ಡಿಂಗ್ ಎರಡು ಸಲ ಬಿಟ್ಟಿದ್ದು ಮಾತ್ರ ಹೇಳಲಿಲ್ಲ.

ಮಗ ಬೋರ್ ಮೋಟರ್ ಎತ್ತೋ ಮೂರು ಕಾಲಿನ ಸ್ಟ್ಯಾಂಡ್, ಚೈನ್ ಪುಲ್ಲಿ ಹಾಕಿ ಒಬ್ಬನೇ ಹಳೇದನ್ನ ಇಳಿಸಿ ಹೊಸದನ್ನ ಕೂರಿಸಿದ್ದ. ದೊಡ್ಡ ಎಂಜಿನ್ ಸ್ವಲ್ಪ ಎತ್ತರ, ಬಾನೆಟ್ ಕೆಳಗೆ ಜಾಗಕ್ಕೆ ಒದ್ದಾಡಿದ್ದಾನೆ. ಆದ್ರೆ ಸ್ಟಾರ್ಟ್ ಆಗ್ತಿರಲಿಲ್ಲ. ಮೂರು ವಾರ, ಸಂಜೆಯಾದ್ರೆ ಆ ಸ್ಟಾರ್ಟರ್ ನರಳೋ ಸದ್ದು. ಬ್ಯಾಟರಿ ಬದಲಾಯಿಸಿದ, ವೈರಿಂಗ್ ಎರಡು ಸಲ ಬಿಚ್ಚಿ ಕಟ್ಟಿದ. ಒಂದಿನ ತಡೆಯೋಕಾಗದೆ ಹೋದೆ. ಹೊಡಿ ನೋಡೋಣ ಅಂದು ಬಾನೆಟ್ ಒಳಗೆ ಕೈ ಆಡಿಸ್ತಿದ್ದಾಗ ಆಕ್ಸಿಲರೇಟರ್ ಕೇಬಲ್ ಮುಟ್ಟಿ ಕೈ ಹಿಂದಕ್ಕೆಳಕೊಂಡೆ. ಸುಡ್ತಿತ್ತು. ತಂತಿ ಹಗ್ಗ ಯಾಕೆ ಬಿಸಿಯಾಗಬೇಕು? ಎಂಜಿನ್ನಿಂದ ಬಾಡಿಗೆ ಬರೋ ಅರ್ತ್ ಪಟ್ಟಿ ಹಾಕೋದೇ ಮರೆತಿದ್ದ. ಸ್ಟಾರ್ಟರಿನ ಕರೆಂಟೆಲ್ಲ ದಾರಿ ಹುಡುಕ್ಕೊಂಡು ಆ ಸಣ್ಣ ಕೇಬಲ್ಲಿನಲ್ಲಿ ಹರೀತಿತ್ತು. ಪಟ್ಟಿ ಬಿಗಿದ್ವಿ, ಎರಡನೇ ಸುತ್ತಿಗೆ ಹತ್ತಿತು. ಅವನು ನಕ್ಕ. ನನಗೂ ನಗು ಬಂತು, ಬಹಳ ದಿನದ ಮೇಲೆ.

ಆ ಖುಷೀಲೇ ತಪ್ಪು ಮಾಡಿದ್ವಿ. ಮಾರನೇ ದಿನ ಬೆಳಗಿನ ಜಾವ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದ್ವಿ. ಬೇಡ ಅನ್ನಬೇಕಾದವನು ನಾನು, ಪಕ್ಕದ ಸೀಟಲ್ಲಿ ಕೂತಿದ್ದೆ. ತಿರುವು ತಿರುವಿನ ಮಧ್ಯೆ ಗಾಡಿ ಹಾರ್ತಿತ್ತು, ಪ್ರತಿ ತಿರುವಲ್ಲೂ ಗಟ್ಟಿ ಬ್ರೇಕ್. ಅಣ್ಣಪ್ಪಸ್ವಾಮಿ ಗುಡಿ ದಾಟಿ ಸ್ವಲ್ಪ ಕೆಳಗೆ ಅವನು ಬ್ರೇಕ್ ತುಳಿದ, ಪೆಡಲ್ ನೆಲಕ್ಕೆ ಹೋಯ್ತು. "ಅಪ್ಪಾ" ಅಂದ, ಅಷ್ಟೇ. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗುಡ್ಡದ ಬದಿ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದ. ಆಚೆ ಬದಿ ಏನಿದೆ ಅಂತ ಆ ದಾರಿ ಗೊತ್ತಿರೋರಿಗೆ ಹೇಳಬೇಕಾಗಿಲ್ಲ. ಅವನ ಕೈ ಸ್ಟೇರಿಂಗ್ ಬಿಡ್ತಿರಲಿಲ್ಲ, ನಾನೇ ಬೆರಳು ಬಿಡಿಸಿದೆ.

ಒಂದು ಗಂಟೆ ಕೂತ್ವಿ. ಬ್ರೇಕ್ ತಣ್ಣಗಾದ ಮೇಲೆ ಪೆಡಲ್ ಮೇಲೆ ಬಂತು. ಕಾರಣ ಸರಳ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರುತ್ತೆ. ಡಾಟ್ 3 ಹೊಸದಾಗಿದ್ದಾಗ 205 ಡಿಗ್ರಿಗೆ ಕುದಿಯೋದು, ತೇವ ಕುಡಿದ ಮೇಲೆ 140ಕ್ಕೇ ಕುದಿಯಬಹುದು. ಕುದಿದರೆ ಒಳಗೆ ಆವಿ ಗುಳ್ಳೆ. ಪಂಪಿನ ಸಕ್ಷನ್ ಪೈಪಿಗೆ ಗಾಳಿ ಹೊಕ್ಕರೆ ನೀರು ಎತ್ತಲ್ವಲ್ಲ, ಹಂಗೆ. ನಮ್ಮದು ಎಷ್ಟು ವರ್ಷದ್ದೋ, ಕಾಫಿ ಡಿಕಾಕ್ಷನ್ ಇದ್ದಂಗಿತ್ತು. ಎಂಜಿನ್ನಿಗೆ ಅಷ್ಟು ಸುರಿದವರು ಬ್ರೇಕಿಗೆ ಒಂದು ಡಬ್ಬಿ ಆಯಿಲ್ ಹಾಕಿರಲಿಲ್ಲ.

ಇನ್ನೊಂದು ವಿಷಯ ನನ್ನನ್ನ ರಾತ್ರಿ ಮಲಗೋಕೆ ಬಿಡಲಿಲ್ಲ. ಆರ್‌ಸಿಯಲ್ಲಿರೋ ಎಂಜಿನ್ ನಂಬರೇ ಬೇರೆ, ಗಾಡಿಯಲ್ಲಿರೋದೇ ಬೇರೆ. ಎದುರಿಂದ ಬಂದ ಬೈಕಿನವನಿಗೆ ತಾಗಿದ್ರೆ? ಇನ್ಶೂರೆನ್ಸಿನವರು ಕೈ ಎತ್ತಿದ್ರೆ ತೋಟ ಮಾರಬೇಕಿತ್ತು. ಆರ್‌ಟಿಓ ಒಪ್ಪಿಗೆ ಇಲ್ಲದೆ ಹಿಂಗೆ ಬದಲಾಯಿಸೋದು ಮೊದಲಿಂದಲೂ ತಪ್ಪೇ. 2019ರ ತಿದ್ದುಪಡಿ ಆದ ಮೇಲೆ ಒಂದೊಂದು ಬದಲಾವಣೆಗೂ ₹5,000 ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ನಮ್ಮಪ್ಪನ ಕಾಲದಲ್ಲಿ ಜೀಪಿನ ಪೇಪರ್ ಕೇಳೋರು ಕಡಿಮೆ, ಈಗ ಹಂಗಿಲ್ಲ. ಗುಜರಿಯಿಂದ ಎಂಜಿನ್ ತರೋರು ನಂಬರ್ ಬರೆದ ಬಿಲ್ಲು ತಗೊಳ್ಳಿ. ಕದ್ದ ಗಾಡಿಯದ್ದಾಗಿದ್ರೆ ಸಿಕ್ಕಿಬೀಳೋರು ನೀವು.

ಮಗನೇ ತೀರ್ಮಾನ ಮಾಡಿದ. ಗಾಡಿ ಇನ್ನು ರಸ್ತೆಗೆ ಇಳಿಯಲ್ಲ. ಕುಯ್ಲಾದ ಗದ್ದೇಲಿ ಆಟೋಕ್ರಾಸ್ ನಡೆಸ್ತಾರಲ್ಲ, ಅಲ್ಲಿಗೆ ಪಿಕಪ್ ಮೇಲೆ ಹೇರ್ಕೊಂಡು ಹೋಗೋದು. ಡಾಟ್ 4 ಆಯಿಲ್, ಪ್ಯಾಡು, ರಬ್ಬರ್ ಹೋಸ್ ಎಲ್ಲ ಹೊಸದು ಹಾಕಿದ್ದಾನೆ. ಹಳೇ ಎಂಜಿನ್ ಟಾರ್ಪಾಲ್ ಮುಚ್ಚಿ ಇಟ್ಟಿದೀವಿ, ರಸ್ತೆಗೆ ಬೇಕಾದ್ರೆ ಅದನ್ನೇ ಕೂರಿಸಬೇಕು. ಮೊನ್ನೆ ಗದ್ದೇಲಿ ನಾಲ್ಕು ಸುತ್ತು ಹೊಡೆದ, ನಾನು ಬದುವಿನ ಮೇಲೆ ನಿಂತು ನೋಡಿದೆ. ಕರೆದ, ಹತ್ತಲಿಲ್ಲ. ಮುಂದಿನ ಸಲ ನೋಡೋಣ ಅಂದೆ.

ಬೋರ್ ಪೈಪ್ ಈ ವರ್ಷ ಹಳೇದರಲ್ಲೇ. ಮೂರು ಕಾಲಿನ ಸ್ಟ್ಯಾಂಡ್ ಕೇಳಿದ್ದವರು ಬಂದು ತಗೊಂಡು ಹೋಗಬಹುದು, ಈಗ ಖಾಲಿ ಇದೆ. ಪುಲ್ಲಿ ಚೈನಿಗೆ ಗ್ರೀಸ್ ಹಾಕಿ ವಾಪಸ್ ಕೊಡಿ.