ಹದಿನೇಳು ಇಂಚಿನ ಆಸೆ

ಮೊದಲೇ ಹೇಳಿಬಿಡ್ತೀನಿ, ನನ್ನದು ಫೆರಾರಿ ಅಲ್ಲ. 2014ರ ಮಾಡೆಲ್, ಸೆಕೆಂಡ್ ಹ್ಯಾಂಡ್ ಪೋಲೊ ಜಿಟಿ ಟಿಎಸ್‌ಐ. ಹೊರಗಿನಿಂದ ನೋಡಿದರೆ ಪಕ್ಕದ ಮನೆ ಅಂಕಲ್ ಓಡಿಸೋ ಪೋಲೊ ಥರಾನೇ ಇದೆ. ಆದರೆ ಬಾನೆಟ್ ಕೆಳಗೆ 1.2 ಲೀಟರಿನ ಟರ್ಬೊ ಎಂಜಿನ್, 105 ಪಿಎಸ್ ಶಕ್ತಿ, ಏಳು ಗೇರಿನ ಡಿಎಸ್‌ಜಿ. ಹೋಮ್ ಲೋನ್ ಕಟ್ಟಿ ಉಳಿದ ಸಂಬಳಕ್ಕೆ ಎಟುಕುವ ಸ್ಪೋರ್ಟ್ಸ್ ಕಾರ್ ಅಂದ್ರೆ ಇದೇ.

2023ರ ಜೂನ್. ಶನಿವಾರ ಬೆಳಗ್ಗೆ ಊರಿಗೆ ಹೊರಟಿದ್ದೆ. ಬೆಳ್ಳೂರು ಕ್ರಾಸ್ ಹತ್ತಿರ ಆಗಷ್ಟೇ ಶುರುವಾದ ಮಳೆ. ಮುಂದೆ ಹೋಗ್ತಿದ್ದ ಟ್ರ್ಯಾಕ್ಟರ್ ಇಂಡಿಕೇಟರ್ ಇಲ್ಲದೆ ಬಲಕ್ಕೆ ತಿರುಗಿತು. ಬ್ರೇಕ್ ಒತ್ತಿದೆ. ಎಬಿಎಸ್ ಕಾಲಿನ ಕೆಳಗೆ ಗಡಗಡ ಅಂತು, ಕಾರು ಮಾತ್ರ ಸೋಪಿನ ಮೇಲಿನ ಹಾಗೆ ಜಾರ್ತಾನೇ ಹೋಯ್ತು. ಟ್ರೇಲರಿನಿಂದ ಒಂದು ಮೊಳ ದೂರದಲ್ಲಿ ನಿಂತಿತು. ಟ್ರ್ಯಾಕ್ಟರ್‌ನವನು ತಿರುಗಿಯೂ ನೋಡಲಿಲ್ಲ. ನಾನು ಮಾತ್ರ ರಸ್ತೆ ಬದಿಗೆ ಹಾಕಿಕೊಂಡು ಹತ್ತು ನಿಮಿಷ ಸ್ಟಿಯರಿಂಗ್ ಹಿಡ್ಕೊಂಡೇ ಕೂತಿದ್ದೆ.

ಮನೆಯಲ್ಲಿ ಹೇಳಲಿಲ್ಲ. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿ ರಿಟೈರ್ ಆದವರು. ಹಾಸನ–ಮಂಗಳೂರು ರೂಟಿನಲ್ಲಿ ಶಿರಾಡಿ ಘಾಟಿಯನ್ನು ಎಷ್ಟು ಸಾರಿ ಇಳಿದು ಹತ್ತಿದ್ದಾರೋ ಅವರಿಗೇ ಲೆಕ್ಕವಿಲ್ಲ. ಅವರ ಮುಂದೆ "ಜಾರ್ತು" ಅಂತ ಹೇಗೆ ಹೇಳೋದು?

ಟಯರ್ ಬದಲಿಸಬೇಕು ಅಂತ ಮುಂದಿನ ವಾರವೇ ಜೆ.ಸಿ. ರೋಡಿಗೆ ಹೋದೆ. ಮೊದಲ ಅಂಗಡಿಯಲ್ಲೇ "ಮೇಡಂ, ಸರ್ ಬರಲಿಲ್ವಾ?" ಅಂದ್ರು. ಎರಡನೇ ಅಂಗಡಿಯ ಗೋಡೆ ಮೇಲೆ ಅವು ನೇತಾಡ್ತಿದ್ದವು: ಹದಿನೇಳು ಇಂಚಿನ, ಕಪ್ಪು ಬಣ್ಣದ, ಸಣ್ಣ ಸಣ್ಣ ಕಡ್ಡಿಗಳ ಅಲಾಯ್ ವೀಲ್‌ಗಳು. ನನ್ನ ಹದಿನೈದು ಇಂಚಿನವು ಅವುಗಳ ಮುಂದೆ ಸ್ಕೂಟರ್ ಚಕ್ರದ ಥರ ಕಂಡವು. ಹೆದರಿ ಟಯರ್ ಹುಡುಕೋಕೆ ಹೊರಟವಳು ಅವತ್ತಿನಿಂದ ಚಂದಕ್ಕೆ ವೀಲ್ ಹುಡುಕೋಕೆ ಶುರು ಮಾಡಿದೆ. ಆ ಬದಲಾವಣೆ ಯಾವ ಕ್ಷಣದಲ್ಲಾಯ್ತೋ ನನಗೇ ಗೊತ್ತಾಗಲಿಲ್ಲ.

ಓದಿದ್ದು ಮಾತ್ರ ಜಾಸ್ತೀನೇ. ಕಂಪನಿ ಕೊಟ್ಟ ಟಯರ್ 185/60 ಆರ್15. ಅಂದರೆ ಅಗಲ 185 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ 60 ಪರ್ಸೆಂಟ್, ರಿಮ್ಮು 15 ಇಂಚು. ಒಟ್ಟು ಎತ್ತರ ಸುಮಾರು 603 ಮಿ.ಮೀ. ರಿಮ್ಮು ದೊಡ್ಡದಾದಷ್ಟೂ ಪಕ್ಕದ ಗೋಡೆ ತೆಳ್ಳಗಾಗಬೇಕು, ಇಲ್ಲದಿದ್ದರೆ ಒಟ್ಟು ಎತ್ತರ ಹೆಚ್ಚಾಗಿ ಸ್ಪೀಡೋಮೀಟರ್ ಲೆಕ್ಕವೂ ತಪ್ಪುತ್ತೆ, ಟಯರೂ ಮಡ್‌ಗಾರ್ಡಿಗೆ ಉಜ್ಜುತ್ತೆ. ಮೂರು ಪರ್ಸೆಂಟಿನ ಒಳಗಿದ್ದರೆ ಕ್ಷೇಮ ಅನ್ನೋದು ಎಲ್ಲರೂ ಒಪ್ಪುವ ಮಾತು. ಹದಿನೇಳು ಇಂಚಿಗೆ 205/45 ಹಾಕಿದರೆ 616 ಮಿ.ಮೀ. ಕೂರುತ್ತೆ. ಆಮೇಲೆ ಪಿಸಿಡಿ, ಅಂದರೆ ಬೋಲ್ಟುಗಳ ವೃತ್ತ: ಪೋಲೊದ್ದು ಐದು ಬೋಲ್ಟು, 100 ಮಿ.ಮೀ. ನಡುವಿನ ತೂತು 57.1. ಆಮೇಲೆ ಆಫ್‌ಸೆಟ್. ಇಷ್ಟೆಲ್ಲ ಎಕ್ಸೆಲ್‌ನಲ್ಲಿ ಹಾಕಿಟ್ಟೆ. ಟ್ರ್ಯಾಕ್ಟರ್ ವಿಷಯ ಆ ಶೀಟಿನಲ್ಲಿ ಎಲ್ಲೂ ಇರಲಿಲ್ಲ.

ಹೊಸ ವೀಲು, ಹೊಸ ಟಯರು ಎರಡೂ ಸೇರಿದರೆ ಎಂಬತ್ತು ಸಾವಿರ ದಾಟ್ತಿತ್ತು. ನನ್ನ ಬಜೆಟ್ ನಲವತ್ತೈದು. ಅಷ್ಟರಲ್ಲಿ ರಾಜಾಜಿನಗರದ ಹುಡುಗನೊಬ್ಬ ಸಿಕ್ಕ. ಸಾಫ್ಟ್‌ವೇರ್‌ನವನೇ, ಕಾರು ಮಾರಿಬಿಟ್ಟಿದ್ದ, ವೀಲ್ ಸೆಟ್ ಉಳಿಸಿಕೊಂಡಿದ್ದ. ಹದಿನೇಳು ಇಂಚಿನ ನಾಲ್ಕು ಅಲಾಯ್, ಮೇಲೆ ಪರ್ಫಾರ್ಮೆನ್ಸ್ ಟಯರ್, ಟ್ರೆಡ್ ಭರ್ತಿ ಇದೆ. ನಲವತ್ತೆರಡು ಸಾವಿರ. ಎಕ್ಸೆಲ್ ಶೀಟ್ ಹಸಿರಾಯ್ತು.

ಭಾನುವಾರ ನೋಡೋಕೆ ಹೊರಟಾಗ, ಕಣ್ಣಿನ ಚೆಕಪ್‌ಗೆ ಬಂದಿದ್ದ ಅಪ್ಪ "ನಾನೂ ಬತ್ತೀನಿ ತಡಿ" ಅಂದ್ರು. ಹತ್ತೋ ಮುಂಚೆ ಕಾರನ್ನ ಒಂದು ಸುತ್ತು ಹಾಕಿದ್ರು. ಅದು ಡ್ಯೂಟಿ ಕಾಲದ ಅಭ್ಯಾಸ. ಬಗ್ಗಿ ಮುಂದಿನ ಟಯರ್ ಮೇಲೆ ಹೆಬ್ಬೆರಳು ಆಡಿಸಿದ್ರು. ಏನೂ ಹೇಳಲಿಲ್ಲ.

ಆ ಹುಡುಗನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಟಾರ್ಪಾಲ್ ತೆಗೆದಾಗ ನನ್ನ ಬಾಯಲ್ಲಿ ನೀರು ಬಂತು. ಅಪ್ಪ ಕುಕ್ಕರುಗಾಲಲ್ಲಿ ಕೂತು, ಕನ್ನಡಕ ಹಣೆಗೇರಿಸಿ, "ಮೊಬೈಲ್ ಲೈಟ್ ಬಿಡವ್ವ" ಅಂದ್ರು. ಟಯರಿನ ಪಕ್ಕದಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ: 1117.

"ಇದೇನು ಹೇಳು?"

ಗೊತ್ತಿತ್ತು. ಓದಿದ್ದೆ. 2017ರ ಹನ್ನೊಂದನೇ ವಾರ ತಯಾರಾದದ್ದು. ಆರು ವರ್ಷ ಹಳೇದು. ಓದಿಯೂ ನೋಡಿರಲಿಲ್ಲ.

"ಟ್ರೆಡ್ ಫುಲ್ ಇದೆ ಅಂಕಲ್, ಜಾಸ್ತಿ ಓಡಿಸೇ ಇಲ್ಲ" ಅಂದ ಹುಡುಗ.

"ಓಡ್ಸಿಲ್ಲ ಅಂದ್ರೆ ಹೊಸದಾಗೇ ಉಳೀತದಾ ಮಗಾ?" ಅಪ್ಪ ಉಗುರಿನಿಂದ ರಬ್ಬರನ್ನು ಒತ್ತಿ ತೋರಿಸಿದ್ರು. ಗುರುತೇ ಬೀಳಲಿಲ್ಲ. ಪಕ್ಕದ ಗೋಡೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಗಟ್ಟಿಯಾದ ರಬ್ಬರ್ ಒದ್ದೆ ರಸ್ತೆಯನ್ನು ಹಿಡಿಯಲ್ಲ, ಅದರ ಮೇಲೆ ಎಂಥ ದೊಡ್ಡ ಹೆಸರು ಬರೆದಿದ್ದರೂ.

ಆಮೇಲೆ ಬೋಲ್ಟು. "ನಿಮ್ಮ ಕಂಪನಿ ಬೋಲ್ಟೇ ಸಾಕು" ಅಂದಿದ್ದ ಹುಡುಗ. ಅಪ್ಪ ನನ್ನ ಕಾರಿಂದಲೇ ಒಂದು ಬಿಚ್ಚಿಸಿ ಆ ವೀಲಿನ ತೂತಿಗಿಟ್ಟು ಅಲ್ಲಾಡಿಸಿದ್ರು. ಫೋಕ್ಸ್‌ವ್ಯಾಗನ್ ಬೋಲ್ಟು ಕೂರುವ ಭಾಗ ಗೋಲಿಯ ಹಾಗೆ ಗುಂಡಗಿರುತ್ತೆ. ಹೊರಗೆ ಸಿಗುವ ಬಹುಪಾಲು ಅಲಾಯ್‌ಗಳಲ್ಲಿ ಆ ಕುಳಿ ಲಾಳಿಕೆಯ ಹಾಗೆ ಓರೆ. ಓರೆ ಕುಳಿಯಲ್ಲಿ ಗುಂಡು ಬೋಲ್ಟು ಕೂತರೆ ತಾಗೋದು ಒಂದು ಸಣ್ಣ ಬಳೆಯಷ್ಟು ಜಾಗ ಮಾತ್ರ. ಬಿಗಿ ಮಾಡಿದಾಗ ಬಿಗಿಯಾಗೇ ಇರುತ್ತೆ. ಓಡ್ತಾ ಓಡ್ತಾ ಸಡಿಲ ಆಗುತ್ತೆ. ಬೇರೆ ಬೋಲ್ಟ್ ಹಾಕಿದರೆ ಮುಗೀತು, ದೊಡ್ಡ ಖರ್ಚೂ ಅಲ್ಲ. ಆದರೆ ನನ್ನ ಎಕ್ಸೆಲ್ಲಿನಲ್ಲಿ ಆ ಕಾಲಮ್ಮೇ ಇರಲಿಲ್ಲ. ಹುಡುಗನೂ ಮೋಸಗಾರನಲ್ಲ, ಪಾಪ. ನನ್ನ ಹಾಗೇ ಅವನಿಗೂ ಗೊತ್ತಿರಲಿಲ್ಲ.

ವಾಪಸ್ ಬರೋವಾಗ ನವರಂಗ್ ಸಿಗ್ನಲ್ಲಿನಲ್ಲಿ ಅಪ್ಪ ಕಿಟಕಿ ಕಡೆ ನೋಡ್ತಾನೇ ಕೇಳಿದ್ರು: "ಎಲ್ಲಿ ಜಾರ್ತು?"

ಹೇಳಿದೆ. ಟ್ರ್ಯಾಕ್ಟರು, ಮಳೆ, ಒಂದು ಮೊಳ, ಎಲ್ಲಾ.

ಬೈಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರ ಕಾಲದ ಮಾತು ಹೇಳಿದ್ರು. "ರೀಸೋಲ್ ಟಯರ್ ಹಿಂದಕ್ಕೆ ಹಾಕ್ತಿದ್ವಿ. ಮುಂದಿನ ಎರಡಕ್ಕೆ ಯಾವತ್ತೂ ಇಲ್ಲ. ಬಸ್ಸಿಗೆ ಬಣ್ಣ ಹೋಗಿರ್ಲಿ, ಸೀಟು ಹರಿದಿರ್ಲಿ, ಡಿಪೋದಲ್ಲಿ ಯಾರೂ ಜಗಳ ಆಡ್ತಿರ್ಲಿಲ್ಲ. ಟಯರ್ ಸರಿಯಿಲ್ಲ ಅಂದ್ರೆ ಮಾತ್ರ ನಾನು ಗಾಡಿ ತೆಗೀತಿರ್ಲಿಲ್ಲ. ಹಿಂದೆ ಐವತ್ತು ಜನ ಕೂತಿರ್ತಾರಲ್ಲವ್ವ, ಒಬ್ರೂ ಟಯರ್ ನೋಡಿ ಬಸ್ ಹತ್ತಲ್ಲ."

ಅವತ್ತು ರಾತ್ರಿ ಹೊಸ ಶೀಟ್ ಮಾಡಿದೆ. ಈ ಸಾರಿ ಸಾಲುಗಳು ಬೇರೆ. ಒಂದು ಟಯರ್ ನೆಲಕ್ಕೆ ತಾಗೋದು ಹೆಚ್ಚುಕಮ್ಮಿ ಒಂದು ಅಂಗೈಯಷ್ಟು. ಸ್ಟಿಯರಿಂಗು, ಬ್ರೇಕು, ಟರ್ಬೊ ಏನೇ ಮಾಡಿದರೂ ಆ ನಾಲ್ಕು ಅಂಗೈಗಳ ಮೂಲಕವೇ ಮಾಡಬೇಕು. ದುಡ್ಡು ಮೊದಲು ಅಲ್ಲಿಗೆ ಹೋಗಬೇಕು. ಹದಿನೇಳು ಇಂಚಿನ ಟಯರಿನ ಪಕ್ಕದ ಗೋಡೆ 92 ಮಿ.ಮೀ. ನನ್ನ ಹದಿನೈದಕ್ಕೆ 195/60 ಹಾಕಿದರೆ 117. ಆ ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ ಬೆಂಗಳೂರಿನ ಗುಂಡಿಗಳಲ್ಲಿ ರಿಮ್ಮಿನ ಜೀವ ಉಳಿಸುತ್ತೆ. ದೊಡ್ಡ ವೀಲು ಸಾಮಾನ್ಯವಾಗಿ ಭಾರವೂ ಹೌದು. ಆ ಭಾರ ಸಸ್ಪೆನ್ಷನ್ ಕೆಳಗೆ ಬೀಳೋದರಿಂದ ಎಂಜಿನ್ನಿಗೂ ಬ್ರೇಕಿಗೂ ಕೆಲಸ ಹೆಚ್ಚು. ರೇಸ್ ಟ್ರ್ಯಾಕಿಗೆ ಅಂತ ಮಾಡಿದ ತೀರಾ ಮೆದು ಟಯರ್ ನನಗೆ ಬೇಡ. ವರ್ಷದಲ್ಲಿ ನಾಲ್ಕೈದು ತಿಂಗಳು ಮಳೆಯಲ್ಲೇ ಓಡಿಸೋಳು ನಾನು. ಒದ್ದೆ ರಸ್ತೆಯಲ್ಲಿ ಚೆನ್ನಾಗಿ ಹಿಡಿಯೋ, ಬೇಗ ಸವೆಯದ ರೋಡ್ ಟಯರ್ ಸಾಕು.

ಹಳೇ ರಿಮ್ಮುಗಳನ್ನೇ ಇಟ್ಕೊಂಡು ಒಳ್ಳೇ ಬ್ರ್ಯಾಂಡಿನ 195/60 ಆರ್15 ನಾಲ್ಕು ಹಾಕಿಸಿದೆ. ಅಲೈನ್‌ಮೆಂಟು, ಬ್ಯಾಲೆನ್ಸಿಂಗು ಎಲ್ಲಾ ಸೇರಿ ಮೂವತ್ತೊಂದು ಸಾವಿರ. ಅಂಗಡಿಯವನು ತಂದ ಮೊದಲ ಸೆಟ್ ಎರಡು ವರ್ಷ ಹಳೇದಿತ್ತು. ನಾಲ್ಕಂಕಿ ನೋಡಿ ವಾಪಸ್ ಕಳಿಸಿದೆ. "ಸರ್ ಬರಲಿಲ್ವಾ" ಅಂತ ಈ ಅಂಗಡಿಯಲ್ಲಿ ಯಾರೂ ಕೇಳಲಿಲ್ಲ.

ಜುಲೈನಲ್ಲಿ ಅಮ್ಮನ ಹರಕೆ ತೀರಿಸೋಕೆ ಧರ್ಮಸ್ಥಳಕ್ಕೆ ಹೊರಟೆವು. ದೋಣಿಗಾಲ್ ದಾಟಿದ ಮೇಲೆ ಮಳೆ ಹೊಡೀತಾನೇ ಇತ್ತು. ಎದುರಿಂದ ಟ್ಯಾಂಕರುಗಳ ಸಾಲು. ಅಪ್ಪ ನನ್ನ ಪಕ್ಕದ ಸೀಟಿನಲ್ಲಿ. ಮೊದಲ ತಿರುವುಗಳಲ್ಲೆಲ್ಲ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಒಂದು ಕಡೆ ಲಾರಿಯವನು ದಿಢೀರ್ ನಿಲ್ಲಿಸಿದ. ನಾನೂ ಒತ್ತಿದೆ. ಕಾರು ನೆಟ್ಟಗೆ, ಸದ್ದಿಲ್ಲದೆ, ಬೇಕಾದಷ್ಟು ಜಾಗ ಬಿಟ್ಟು ನಿಂತಿತು. ನಮ್ಮಿಬ್ಬರಲ್ಲಿ ಯಾರೂ ಮಾತಾಡಲಿಲ್ಲ.

ಗುಂಡ್ಯದಲ್ಲಿ ಟೀ ಕುಡಿಯೋಕೆ ಇಳಿದೆವು. ಆ ಮಳೆಯಲ್ಲೇ ಅಪ್ಪ ಕಾರಿಗೆ ಒಂದು ಸುತ್ತು ಬಂದು, ಮುಂದಿನ ಟಯರ್ ಮೇಲೆ ಅಂಗೈ ಇಟ್ಟು ನೋಡಿದ್ರು. ಆಮೇಲೆ ಅಮ್ಮನಿಗೆ ಹೇಳಿದ್ರು: "ನೀನು ಮುಂದೆ ಕೂತ್ಕೋ. ನಾನು ಹಿಂದೆ ಕೂತ್ಕತೀನಿ."

ಹದಿನೇಳು ಇಂಚಿನ ಆಸೆ ಇನ್ನೂ ಇದೆ, ಸುಳ್ಳು ಹೇಳಲ್ಲ. ಜೆ.ಸಿ. ರೋಡಿಗೆ ಹೋದಾಗಲೆಲ್ಲ ಆ ಗೋಡೆ ಕಡೆ ಕಣ್ಣು ಹೋಗೇ ಹೋಗುತ್ತೆ. ಆದರೆ ಅವತ್ತು ಗುಂಡ್ಯದಿಂದ ಧರ್ಮಸ್ಥಳದವರೆಗೆ ಕನ್ನಡಿಯಲ್ಲಿ ಕಂಡದ್ದು, ಅಪ್ಪ ಹಿಂದಿನ ಸೀಟಿನಲ್ಲಿ ಕಿಟಕಿಯಾಚೆಯ ಕಾಡು ನೋಡ್ತಾ ಕೂತಿದ್ದು. ಅಷ್ಟು ವರ್ಷ ಓಡಿಸಿದ ರಸ್ತೆ. ಅವರು ಬಹುಶಃ ಅದನ್ನು ಮೊದಲ ಸಾರಿ ಪ್ಯಾಸೆಂಜರ್ ಆಗಿ ನೋಡ್ತಿದ್ದರು.