ಉಣ್ಣೆಯುಂಡೆಗಳ ಕೊಡುಕೊಳೆ

ಹೆಣಿಗೆಯ ಅಭ್ಯಾಸವಿರುವ ಗೃಹಿಣಿಯ ಮನೆಯಲ್ಲಿ ಒಂದು ಪೆಟ್ಟಿಗೆ ಇದ್ದೇ ಇರುತ್ತದೆ. ಅದು ಹಳೆಯ ಟ್ರಂಕಾಗಿರಬಹುದು, ಬಿಸ್ಕತ್ತಿನ ಡಬ್ಬಿಯಾಗಿರಬಹುದು, ಅಟ್ಟದ ಮೇಲಿನ ಬಟ್ಟೆಯ ಗಂಟಾಗಿರಬಹುದು. ಅದರ ತುಂಬ ಉಣ್ಣೆಯ ಉಂಡೆಗಳು. ಸ್ವೆಟರ್ ಮುಗಿದ ಮೇಲೆ ಉಳಿದ ಅರ್ಧ ಉಂಡೆ, ಬಣ್ಣಕ್ಕೆ ಮನಸೋತು ಕೊಂಡು ತಂದು ಇನ್ನೂ ಕಡ್ಡಿಗೆ ಏರಿಸದ ಉಂಡೆ, ಮಕ್ಕಳು ಬೆಳೆದು ಚಿಕ್ಕದಾದ ಸ್ವೆಟರನ್ನು ಬಿಚ್ಚಿ ಸುತ್ತಿಟ್ಟ ಉಂಡೆ, ಹೀಗೆ ಆ ಸಂಗ್ರಹ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಎಂದಾದರೂ ಬೇಕಾದೀತು ಎಂಬ ಒಂದೇ ಮಾತಿನ ಮೇಲೆ ಅದೆಲ್ಲ ನಿಂತಿರುತ್ತದೆ. ಆದರೆ ಬೇಕಾದ ದಿನ ಬಂದು ಪೆಟ್ಟಿಗೆ ತೆರೆದರೆ, ಬೇಕಾದ ಬಣ್ಣ ಎರಡು ಗೇಣಿನಷ್ಟು ಕಡಿಮೆ ಬೀಳುತ್ತದೆ. ಬೇಡವಾದದ್ದು ಸೇರುಗಟ್ಟಲೆ ಇರುತ್ತದೆ.

ನಾವಿಬ್ಬರು ಒಂದೇ ಮನೆಯ ಸೊಸೆಯರು. ನಮ್ಮ ಊರು ಕಪಿಲೆಯ ದಡದ ನಂಜನಗೂಡು. ಮಾರ್ಗಶಿರ ಪುಷ್ಯ ಮಾಸಗಳಲ್ಲಿ ನದಿಯ ಕಡೆಯಿಂದ ಬೀಸುವ ಬೆಳಗಿನ ಗಾಳಿಯನ್ನು ಉತ್ತರ ದೇಶದವರು ಚಳಿಯೆಂದು ಒಪ್ಪಲಾರರು. ಎಳೆಯ ಕೂಸಿಗೂ ವಯಸ್ಸಾದವರಿಗೂ ಅದೇ ಸಾಕಷ್ಟು ಚಳಿ. ಆದುದರಿಂದಲೇ ನಮ್ಮ ಕಡೆಯ ಮನೆಗಳಲ್ಲಿ ಬಾಣಂತಿಯ ಕೋಣೆಗೆ ಕುಲಾವಿ, ಕಾಲುಚೀಲ, ಹಿರಿಯರಿಗೆ ಸ್ವೆಟರ್ ಎಂದು ಹೆಣಿಗೆ ನಡೆದೇ ಇರುತ್ತದೆ. ನಮ್ಮ ಅತ್ತೆಯವರ ಕೈಯಲ್ಲಿ ಹೆಣಿಗೆಯ ಕಡ್ಡಿ ಇಲ್ಲದ ಮಧ್ಯಾಹ್ನವನ್ನು ನಾವು ಕಂಡದ್ದು ಕಡಿಮೆ. ಅವರು 2019ರಲ್ಲಿ ಲಿಂಗೈಕ್ಯರಾದಾಗ ಅವರ ಟ್ರಂಕಿನಲ್ಲಿ ನಾಲ್ಕು ಕಿಲೋಗೂ ಮಿಕ್ಕಿ ಉಣ್ಣೆ ಇತ್ತು. ಅದರ ಮೇಲೆ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ, ಮಾವನವರಿಗೆಂದು ಹೆಣೆಯುತ್ತಿದ್ದ ಮರೂನ್ ಬಣ್ಣದ ಸ್ವೆಟರ್. ಬೆನ್ನು ಮುಗಿದಿತ್ತು, ಎದೆಯ ಭಾಗ ಮುಗಿದಿತ್ತು, ತೋಳುಗಳು ಆಗಬೇಕಾಗಿತ್ತು. ತೋಳಿಗೆ ಉಣ್ಣೆ ಮಾತ್ರ ಉಳಿದಿರಲಿಲ್ಲ.

ಮರೂನ್ ಉಣ್ಣೆ ಅಂಗಡಿಯಲ್ಲಿ ಸಿಗದ ವಸ್ತುವಲ್ಲ. ಆದರೆ ಹೆಣೆಯುವವರಿಗೆ ಗೊತ್ತು, ಕಾರ್ಖಾನೆಯಲ್ಲಿ ಒಂದೊಂದು ಸಲಕ್ಕೆ ಬಣ್ಣ ಹಾಕಿದ ನೂಲಿಗೂ ಒಂದೊಂದು ಲಾಟ್ ಸಂಖ್ಯೆ ಇರುತ್ತದೆ. ಹೆಸರು ಒಂದೇ ಆದರೂ ಒಂದು ಲಾಟಿನ ಮರೂನ್ ಮತ್ತೊಂದು ಲಾಟಿನ ಮರೂನಿಗೆ ಸರಿಹೋಗುವುದಿಲ್ಲ. ಉಂಡೆಯಲ್ಲಿ ಕಾಣದ ವ್ಯತ್ಯಾಸ ಹೆಣೆದ ಮೇಲೆ ಬಿಸಿಲಿನಲ್ಲಿ ಎದ್ದು ಕಾಣುತ್ತದೆ. ನಾವು ಕೇಳಿದ ಅಂಗಡಿಗಳಲ್ಲಿ ಹತ್ತಿರದ ಬಣ್ಣವೂ ದೊರೆಯಲಿಲ್ಲ. ತೋಳಿಲ್ಲದ ಸ್ವೆಟರ್ ಆಗಿಯೇ ಮುಗಿಸೋಣವೆಂದರೆ ಮಾವನವರಿಗೆ ಚಳಿ ಹಿಡಿಯುವುದು ಭುಜಕ್ಕೆ, ಮೊಣಕೈಗೆ. ಹೀಗಾಗಿ ಅದು ಮೂರು ವರ್ಷ ಸೀರೆಯ ತುಂಡಿನಲ್ಲೇ ಇತ್ತು.

ನಮ್ಮ ಸೀಮೆ ನೂಲಿಗೆ ಬಡದಾದ ಸೀಮೆಯೇನಲ್ಲ. ನಂಜನಗೂಡು ತಾಲ್ಲೂಕಿನ ಬದನವಾಳು ಹತ್ತಿಯ ನೂಲಿಗೆ ಹೆಸರಾದ ಊರು. ತಗಡೂರು ರಾಮಚಂದ್ರರಾಯರಂಥವರ ಶ್ರಮದಿಂದ ಸ್ವಾತಂತ್ರ್ಯಕ್ಕೆ ಮುಂಚೆಯೇ ಈ ಭಾಗದಲ್ಲಿ ಖಾದಿಯ ಕೆಲಸ ಬೇರೂರಿತು. ಗಾಂಧೀಜಿಯವರು ಬಂದು ಹೋದ ಆ ಊರಿನಲ್ಲಿಯೇ 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಕೈಯ ದುಡಿಮೆಯ ಪರವಾಗಿ ಸತ್ಯಾಗ್ರಹ ನಡೆಸಿದರು. ಇತ್ತ ಟಿ. ನರಸೀಪುರದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆ ಇದೆ. 1912ರಲ್ಲಿ ಆರಂಭವಾದ ಮೈಸೂರಿನ ರೇಷ್ಮೆ ನೇಯ್ಗೆಯ ಕಾರ್ಖಾನೆಗೆ ನೂಲು ಹೋಗುವುದು ಅಲ್ಲಿಂದ. ಹತ್ತಿಯುಂಟು, ರೇಷ್ಮೆಯುಂಟು, ಹೆಣಿಗೆಯ ಉಣ್ಣೆಯೊಂದು ಇಲ್ಲ. ಟಿ. ನರಸೀಪುರ ತಾಲ್ಲೂಕಿನ ಬನ್ನೂರಿನ ಕುರಿ ನಾಡಿಗೆಲ್ಲ ಹೆಸರುವಾಸಿ ನಿಜ, ಆದರೆ ಅದರ ಮೈಮೇಲಿರುವುದು ಒರಟು ಕೂದಲು. ಕೂಸಿನ ಕುಲಾವಿಗೆ ಅದು ಒದಗದು. ನಮ್ಮ ಅಂಗಡಿಗಳಿಗೆ ಬರುವ ಉಂಡೆಗಳಲ್ಲಿ ಬಹಳಷ್ಟು ದೂರದ ಪಂಜಾಬಿನ ಲೂಧಿಯಾನದವು. ಉಣ್ಣೆಯೆಂದು ನಾವು ಕರೆಯುವುದರಲ್ಲಿಯೂ ಹೆಚ್ಚಿನದು ಅಕ್ರಿಲಿಕ್ ದಾರ. ಅಷ್ಟು ದೂರದಿಂದ ಬಂದದ್ದು ನಮ್ಮ ಪೆಟ್ಟಿಗೆಗಳಲ್ಲಿ ನುಸಿಗೆ ಆಹಾರವಾಗುತ್ತಿದೆಯಲ್ಲ ಎಂಬ ಚಿಂತೆ ನಮ್ಮದೊಂದೇ ಆಗಿರಲಿಲ್ಲ.

2022ರಲ್ಲಿ ಟಿ. ನರಸೀಪುರದ ಬಂಧುಗಳ ಮನೆಯಲ್ಲಿ ನಾಮಕರಣವಿತ್ತು. ತೊಟ್ಟಿಲ ಸುತ್ತ ಕುಳಿತ ಹೆಂಗಸರು ಕೂಸಿನ ಕುಲಾವಿಯನ್ನು ಮುಟ್ಟಿ ನೋಡುತ್ತ ತಮ್ಮ ತಮ್ಮ ಪೆಟ್ಟಿಗೆಗಳ ಮಾತು ತೆಗೆದರು. 2020ರಲ್ಲಿ ಕೊರೋನಾ ಬಂದು ಎಲ್ಲರೂ ಮನೆಯೊಳಗೆ ಉಳಿದಾಗ ಎಷ್ಟೋ ಮಂದಿ ಬಿಟ್ಟಿದ್ದ ಕಡ್ಡಿಗಳನ್ನು ಮತ್ತೆ ಹಿಡಿದಿದ್ದರು, ಸಂಗ್ರಹವೂ ಬೆಳೆದಿತ್ತು. ಒಬ್ಬರಲ್ಲಿ ಹಳದಿ ಹೆಚ್ಚು, ಮತ್ತೊಬ್ಬರಲ್ಲಿ ನೀಲಿ ಕಡಿಮೆ. ಹಿರಿಯ ಅಜ್ಜಿಯೊಬ್ಬರು, 'ಎಲ್ಲಾರೂ ಒಂದು ದಿನ ಗಂಟು ತಂದು ಒಂದೇ ಜಮಖಾನದ ಮೇಲೆ ಬಿಚ್ರವ್ವಾ, ಯಾರ್‍ದು ಯಾರಿಗೆ ಬೇಕೋ ತಿಳೀತದೆ' ಎಂದರು. ಆ ಮಾತು ಎಲ್ಲರಿಗೂ ಹಿಡಿಸಿತು. ಕಾರ್ತಿಕ ಮಾಸದ ಒಂದು ಭಾನುವಾರ ಅದೇ ಮನೆಯ ಪಡಸಾಲೆಯಲ್ಲಿ ಸೇರುವುದೆಂದು ನಿಶ್ಚಯವಾಯಿತು. ನಂಜನಗೂಡಿನಿಂದ ಐವರು, ಟಿ. ನರಸೀಪುರದಿಂದ ಏಳು ಮಂದಿ.

ವಿನಿಮಯವೆಂಬುದು ನಮ್ಮ ಹೆಂಗಸರಿಗೆ ಹೊಸದಲ್ಲ. ಖಾದಿಯ ಕೇಂದ್ರಗಳಲ್ಲಿ ನೂಲುವವರು ಲಡಿಗಳನ್ನು ಕೊಟ್ಟು ಹಂಜಿಯನ್ನೂ ಬಟ್ಟೆಯನ್ನೂ ಪಡೆಯುವ ರೂಢಿ ಇತ್ತು. ಬೀದಿಯಲ್ಲಿ ಕೂಗುತ್ತ ಬರುವ ಪಾತ್ರೆಯವರಿಗೆ ಹಳೆಯ ಸೀರೆ ಕೊಟ್ಟು ಸ್ಟೀಲಿನ ಡಬರಿ ತೆಗೆದುಕೊಂಡವರು ನಾವೆಲ್ಲರೂ. ಆದರೆ ಆ ವ್ಯಾಪಾರದಲ್ಲಿ ಮಾತು ಬಲ್ಲವರು ಗೆಲ್ಲುತ್ತಾರೆ. ಬಂಧುಗಳ ನಡುವೆ ಹಾಗಾಗಬಾರದೆಂದು ಮೊದಲೇ ಕೆಲವು ನಿಯಮಗಳನ್ನು ಮಾಡಿಕೊಂಡೆವು. ತರುವ ಉಣ್ಣೆಯನ್ನು ಒಗೆದು ಒಣಗಿಸಿ ತರಬೇಕು. ನುಸಿ ಹಿಡಿದದ್ದು ಬೇಡ. ಎಲ್ಲವನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಬೇಕು. ಅಕ್ರಿಲಿಕ್ಕಿಗೆ ಅಕ್ರಿಲಿಕ್ ಸಮತೂಕ; ಶುದ್ಧ ಉಣ್ಣೆಯ 50 ಗ್ರಾಮಿಗೆ ಅಕ್ರಿಲಿಕ್ 100 ಗ್ರಾಂ. 25 ಗ್ರಾಮಿಗಿಂತ ಕಡಿಮೆಯಿರುವ ಚೂರುಗಳು ನಡುವಿನ ಬುಟ್ಟಿಗೆ. ಅದರಿಂದ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ವಿನಿಮಯವಾಗದೆ ಉಳಿದದ್ದನ್ನು ಮಾತ್ರ ಕೊಂಡ ಬೆಲೆಯ ಅರ್ಧಕ್ಕೆ ಮಾರಬಹುದು.

ಲೇಬಲ್ ಹರಿದುಹೋದ ಉಂಡೆಗಳನ್ನು ಪರೀಕ್ಷಿಸುವುದೇ ಆ ದಿನದ ದೊಡ್ಡ ಕೆಲಸವಾಯಿತು. ಒಂದು ಗೇಣು ಎಳೆ ಕತ್ತರಿಸಿ ದೀಪದ ಕುಡಿಗೆ ಹಿಡಿದರೆ ಸಾಕು. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ಬೆರಳಿಗೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿಯಾದ ಮಣಿಯಾಗುತ್ತದೆ. ದಪ್ಪವನ್ನೂ ಹೋಲಿಸಬೇಕು. ಬೇರೆ ಬೇರೆ ದಪ್ಪದ ಎಳೆಗಳನ್ನು ಒಂದೇ ಕಡ್ಡಿಯಲ್ಲಿ ಹೆಣೆದರೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಅದಕ್ಕಾಗಿ 20 ಕುಣಿಕೆಗಳ ಒಂದು ಸಣ್ಣ ತುಂಡನ್ನು ಹೆಣೆದು ಅಳತೆ ಮಾಡಿಯೇ ಮುಂದುವರಿಯುವುದು ಜಾಣತನ. ಹಳೆಯ ಸ್ವೆಟರಿನಿಂದ ಬಿಚ್ಚಿದ ನೂಲು ಗುಂಗುರಾಗಿರುತ್ತದೆ. ಅದನ್ನು ಕುರ್ಚಿಯ ಬೆನ್ನಿಗೆ ಲಡಿಯಾಗಿ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಅಂಟುವಾಳದ ನೊರೆಯಿಂದ ಒಗೆದು, ಕೆಳಗೆ ಹಗುರವಾದ ಭಾರ ಕಟ್ಟಿ ನೆರಳಿನಲ್ಲಿ ತೂಗುಹಾಕಿದರೆ ನೇರವಾಗುತ್ತದೆ. ಹೀಗೆ ಹಸನು ಮಾಡಿದ ನೂಲು ಹೊಸದರ ಪಕ್ಕದಲ್ಲಿ ನಾಚುವುದಿಲ್ಲ.

ಅಂದು ಬಂದವರಲ್ಲಿ ನಮ್ಮ ಮಾವನವರ ತಂಗಿಯ ಸೊಸೆಯೂ ಒಬ್ಬಳು. 2021ರಲ್ಲಿ ಕೊರೋನಾದಿಂದ ಗಂಡನನ್ನು ಕಳೆದುಕೊಂಡವಳು. ಬಾಣಂತಿಯರ ಮನೆಗಳಿಗೆ ಕುಲಾವಿ, ಕಾಲುಚೀಲ ಹೆಣೆದುಕೊಟ್ಟು ಬರುವ ದುಡ್ಡು ಅವಳ ಸಂಸಾರಕ್ಕೆ ಬೇಕಾದ ದುಡ್ಡು. ನಮ್ಮ ಹಾಗೆ ಹೊತ್ತು ಕಳೆಯುವ ಕೆಲಸವಲ್ಲ. ಅವಳ ಗಂಟು ಎಲ್ಲರದಕ್ಕಿಂತ ಚಿಕ್ಕದು. ಬಿಚ್ಚಿದಾಗ ಅದರೊಳಗೆ ಮರೂನ್ ಉಂಡೆಗಳಿದ್ದವು. ಗಂಡನಿಗೆ ಸ್ವೆಟರ್ ಹೆಣೆಯಲೆಂದು ಕೂಡಿಸಿಟ್ಟದ್ದು ಎಂದಳು. ನಾವು ಕೈಚೀಲದಿಂದ ಅತ್ತೆಯವರ ಹೆಣಿಗೆಯನ್ನು ತೆಗೆದು ಕಿಟಕಿಯ ಬೆಳಕಿನಲ್ಲಿ ಹಿಡಿದು ನೋಡಿದೆವು. ಅದೇ ಲಾಟ್ ಅಲ್ಲ, ಎಳ್ಳಿನಷ್ಟು ಗಾಢ. ಆದರೂ ಮೂರು ವರ್ಷದಲ್ಲಿ ನಾವು ಕಂಡದ್ದರಲ್ಲಿ ಅದೇ ಹತ್ತಿರ. ತೂಗಿದರೆ 150 ಗ್ರಾಂ. ಎರಡು ತೋಳಿಗೆ ಬೇಕಾದದ್ದೂ ಸುಮಾರು ಅಷ್ಟೇ.

ಅವಳಿಗೆ ಬೇಕಾಗಿದ್ದುದು ಕೂಸಿನ ಬಟ್ಟೆಗೆ ಆಗುವ ತೆಳುವಾದ ಬಿಳಿ. ಅದು ನಮ್ಮಲ್ಲಿ 400 ಗ್ರಾಂ ಇತ್ತು. 'ಎಲ್ಲಾನೂ ನೀನೇ ಇಟ್ಕೊಳವ್ವ' ಎಂದೆವು. ಅವಳು ತಕ್ಕಡಿಯನ್ನು ನಮ್ಮ ಕಡೆಗೆ ಸರಿಸಿ ಮೆಲ್ಲಗೆ ಹೇಳಿದಳು: 'ತೂಗಿ ಕೊಡಿ ಅಕ್ಕ. ನಂದು ನೂರೈವತ್ತು, ನಿಮ್ದೂ ನೂರೈವತ್ತೇ ಇರ್‍ಲಿ. ಹೆಚ್ಚಿಗೆ ಕೊಟ್ರೆ ಬರೋ ವರ್ಷ ನಾನು ಇಲ್ಲಿಗೆ ಬರಕ್ಕಾಗಲ್ಲ.' ನಾವು ಎದುರಾಡಲಿಲ್ಲ, ತೂಗಿ ಕೊಟ್ಟೆವು. ಸಂಜೆ ಮಾರಾಟದ ಹೊತ್ತಿನಲ್ಲಿ ಅದೇ ಬಿಳಿಯಲ್ಲಿ ಇನ್ನೂ 100 ಗ್ರಾಮನ್ನು ಅರ್ಧ ಬೆಲೆ ಎಣಿಸಿ ಕೊಟ್ಟು ಕೊಂಡಳು.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ತಿಳಿಯದ ಮನೆ ನಮ್ಮಲ್ಲಿಲ್ಲ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ನಮಗೆ ಬೇಕಾದಷ್ಟನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಕಳುಹಿಸಿದ ಮಹಾತಾಯಿ ಆಕೆ. ನೂಲುವುದನ್ನೇ ಕಾಯಕ ಮಾಡಿಕೊಂಡಿದ್ದ ಕದಿರ ರೆಮ್ಮವ್ವೆಯೂ ಅದೇ ಶರಣರ ಬಳಗದವಳು. ಕಾಯಕದಿಂದ ಬಂದದ್ದು ಮಾತ್ರ ತನ್ನದು ಎಂಬ ನಿಷ್ಠೆಯನ್ನು ನಾವು ಪುರಾಣ ಪ್ರವಚನಗಳಲ್ಲಿ ಕೇಳಿ ತಲೆದೂಗುತ್ತೇವೆ. ಪಡಸಾಲೆಯ ಜಮಖಾನದ ಮೇಲೆ, ಅಡುಗೆಮನೆಯ ತಕ್ಕಡಿಯ ಮುಂದೆ ಅದು ಎದುರಾದಾಗ ಅದರ ಅರ್ಥ ಬೇರೆಯೇ ಆಗಿ ತಿಳಿಯುತ್ತದೆ. ದಾನ ಕೊಡುವುದು ದೊಡ್ಡದು ನಿಜ. ಆದರೆ ಪಡೆಯುವವರು ತಲೆ ತಗ್ಗಿಸಬೇಕಾದ ದಾನ ಬಂಧುತ್ವವನ್ನು ಉಳಿಸುವುದಿಲ್ಲ. ಸಮತೂಕದ ವಿನಿಮಯದಲ್ಲಿ ಕೊಡುವವರು, ಪಡೆಯುವವರು ಎಂಬ ಎರಡು ಪಂಗಡಗಳಿಲ್ಲ. ಎಲ್ಲರೂ ಕೊಟ್ಟವರೇ, ಎಲ್ಲರೂ ಪಡೆದವರೇ. ಇಲ್ಲದವರೂ ಉಳ್ಳವರ ಸಮಕ್ಕೆ ಕುಳಿತು ತಮಗೆ ಬೇಕಾದದ್ದನ್ನು ಆರಿಸಿಕೊಳ್ಳಬಲ್ಲ ಕೂಟಗಳು ನಮ್ಮಲ್ಲಿ ಎಷ್ಟಿವೆ? ಮದುವೆ ಮನೆಗಳಲ್ಲಿ ಒಡವೆ ಸೀರೆಗಳೇ ಮಾತಾಡುವಾಗ ಅಂಥ ಹೆಣ್ಣುಮಕ್ಕಳು ಮೂಲೆಗೆ ಸರಿಯುವುದನ್ನು ನಾವು ನೋಡುತ್ತಲೇ ಇದ್ದೇವೆ.

ಆ ಸಂಜೆ ನಮ್ಮ ಗಂಟನ್ನು ತೂಗಿದರೆ ಹೋಗುವಾಗ ಮೂರು ಕಿಲೋ ಇದ್ದದ್ದು ಬರುವಾಗಲೂ ಹೆಚ್ಚು ಕಡಿಮೆ ಅಷ್ಟೇ ಇತ್ತು. ಇಷ್ಟಕ್ಕೆ ಬಸ್ ಚಾರ್ಜು ಕೊಟ್ಟು ಹೋಗಬೇಕಿತ್ತೇ ಎಂದು ಮನೆಯ ಗಂಡಸರು ನಕ್ಕರು. ತೂಕ ಬದಲಾಗಿರಲಿಲ್ಲ, ಗಂಟಿನೊಳಗಿನದು ಬದಲಾಗಿತ್ತು. ಹೋಗುವಾಗ ಯಾವುದಕ್ಕೂ ಸಾಲದ ಹದಿನೇಳು ಬಣ್ಣಗಳಿದ್ದವು. ಬರುವಾಗ ದೊಡ್ಡವರ ಒಂದು ಸ್ವೆಟರಿಗೆ ಆಗುವ 450 ಗ್ರಾಂ ಬೂದುಬಣ್ಣ, ಎರಡು ಮಕ್ಕಳ ಸ್ವೆಟರಿಗೆ ಆಗುವ ನೀಲಿ, ಹಾಗೂ ಮಾವನವರ ತೋಳುಗಳಿದ್ದವು. ಬಣ್ಣದ ವ್ಯತ್ಯಾಸ ಕಾಣದಿರಲೆಂದು ಭುಜದ ಹತ್ತಿರದ ಒಂದು ಅಂಗುಲವನ್ನು ಹಳೆಯ ತುಂಡಿನಿಂದ ಬಿಚ್ಚಿದ ನೂಲಿನ ಒಂದು ಸಾಲು, ಹೊಸತರ ಒಂದು ಸಾಲು ಎಂದು ಬೆರೆಸಿ ಹೆಣೆದೆವು. ಅತ್ತೆಯವರ ಹೆಣಿಗೆ ಬಿಗಿ, ನಮ್ಮದು ಸ್ವಲ್ಪ ಸಡಿಲ. ಅದಕ್ಕಾಗಿ ಒಂದು ನಂಬರು ಸಣ್ಣ ಕಡ್ಡಿ ಹಿಡಿಯಬೇಕಾಯಿತು. 2023ರ ಜನವರಿಯಲ್ಲಿ ಸುತ್ತೂರು ಜಾತ್ರೆಗೆ ಮಾವನವರು ಅದನ್ನೇ ಹಾಕಿಕೊಂಡು ಹೊರಟರು. ತೋಳನ್ನು ಒಮ್ಮೆ ಸವರಿ ನೋಡಿದರು. ಯಾರ ಉಣ್ಣೆಯೆಂದು ಕೇಳಿದರು. ಹೇಳಿದೆವು. 'ಅವಳಿಗೂ ಒಂದು ಕರೆ ಮಾಡಿ ಜಾತ್ರೆಗೆ ಬರಾಕ್ಹೇಳಿ' ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದರು.

ಅಂದಿನಿಂದ ಪ್ರತಿ ಕಾರ್ತಿಕದಲ್ಲಿಯೂ ಈ ಕೂಟ ನಡೆಯುತ್ತಿದೆ. ಒಂದು ವರ್ಷ ಟಿ. ನರಸೀಪುರದಲ್ಲಿ, ಒಂದು ವರ್ಷ ನಂಜನಗೂಡಿನಲ್ಲಿ. ನಡುವಿನ ಬುಟ್ಟಿಯ ಚೂರುಗಳಿಂದ ಹೆಣ್ಣುಮಕ್ಕಳು ಬಣ್ಣಬಣ್ಣದ ಟೋಪಿಗಳನ್ನು ಹೆಣೆಯಲು ಕಲಿಯುತ್ತಿದ್ದಾರೆ. ಕಡ್ಡಿ ಹಿಡಿಯಲು ಅವರಿಗೆ ಹೇಳಿಕೊಡುವವಳು, ಮರೂನ್ ಉಂಡೆಗಳನ್ನು ತಂದಿದ್ದ ಅದೇ ಸೊಸೆ. ಕಲಿಯುವ ಮಕ್ಕಳು ಅವಳಿಗೆ ಗುರುಕಾಣಿಕೆಯೆಂದು ತಲಾ ಒಂದು ಉಂಡೆ ಕೊಡುತ್ತಾರೆ. ಅದನ್ನು ಅವಳು ಸಂತೋಷದಿಂದ ತೆಗೆದುಕೊಳ್ಳುತ್ತಾಳೆ, ಏಕೆಂದರೆ ಅದು ಅವಳ ಕಾಯಕದ ಫಲ.

ಓದುಗ ತಾಯಂದಿರೇ, ನಿಮ್ಮ ಮನೆಯಲ್ಲಿಯೂ ಇಂಥ ಪೆಟ್ಟಿಗೆ ಇದ್ದೀತು. ಉಣ್ಣೆಯೇ ಆಗಬೇಕೆಂದಿಲ್ಲ, ಕಸೂತಿಯ ದಾರ, ರವಿಕೆಯ ಬಟ್ಟೆಯ ತುಂಡು, ಮಕ್ಕಳ ಪುಸ್ತಕ, ಯಾವುದಾದರೂ ಆಗಲಿ. ಇದೇ ವಾರ ಅದನ್ನು ಬಿಸಿಲಿಗೆ ಹಾಕಿ, ತೂಗಿ, ನಾಲ್ಕು ಮನೆಯವರನ್ನು ಕರೆಯಿರಿ. ಕರೆಯುವಾಗ ಕೈಯಲ್ಲಿ ದುಡ್ಡು ಆಡದ ಮನೆಯವರನ್ನು ಮೊದಲು ಕರೆಯಿರಿ. ತಕ್ಕಡಿಯನ್ನು ನಡುವೆ ಇಡಲು ಮಾತ್ರ ಮರೆಯದಿರಿ.